ಯಾರ ಕೈಯ ನೀರು

ಥಾರ್ನ್ಲಿ, ಪರ್ತ್
4 ಆಗಸ್ಟ್ 2013

ಪ್ರೀತಿಯ ಸರಸ್ವತಿ,

ನೀನೂ ರಮಾಕಾಂತರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಜೂನ್‌ನಲ್ಲಿ ಬಂದ ನಿನ್ನ ಪತ್ರಕ್ಕೆ ಆಗಸ್ಟ್‌ನಲ್ಲಿ ಉತ್ತರ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಈಗಲೇ ಬೈದು ಮುಗಿಸು. ಯಾಕೆಂದರೆ ಈ ಪತ್ರದ ಕೊನೆಯಲ್ಲಿ ನಿನ್ನಿಂದ ಒಂದು ಉಪಕಾರ ಕೇಳುವುದಿದೆ. ಮಂಡಿ ನೋವು ಎಂದು ನೆಪ ಹೇಳಬಹುದಿತ್ತು, ಆದರೆ ಪತ್ರ ಬರೆಯುವುದು ಮಂಡಿಯಿಂದಲ್ಲ ಎಂದು ನೀನು ಹೇಳುತ್ತೀ.

ಫೋನ್ ಮಾಡಬಾರದೇ ಎಂದು ಕೇಳಬೇಡ. ನಮ್ಮ ಮನೆಯ ಫೋನ್ ಕ್ಲಾರೆನ್ಸರ ಕುರ್ಚಿಯ ಪಕ್ಕದಲ್ಲಿದೆ. ನಾನು ‘ಹಲೋ ಸರಸೂ’ ಎನ್ನುವಷ್ಟರಲ್ಲಿ, “ಸ್ಪೀಕರ್ ಹಾಕು ಮಾರಾಯ್ತಿ, ರಮಾಕಾಂತನ ಬಿಪಿ ಎಷ್ಟು ಉಂಟು ಕೇಳ್ಬೇಕು” ಎನ್ನುತ್ತಾರೆ. ಪತ್ರವಾದರೆ ಅವರು ಮುಟ್ಟುವುದಿಲ್ಲ. ಇನ್ನೊಬ್ಬರ ಪತ್ರ ಓದುವುದು ಪಾಪ ಎಂದು ಅವರೇ ಸಂಡೇ ಸ್ಕೂಲಿನ ಮಕ್ಕಳಿಗೆ ಕಲಿಸುತ್ತಾರೆ. ಮಸ್ಕತ್‌ನಲ್ಲಿ ಎಣ್ಣೆ ಕಂಪನಿಗೆ ಸ್ಟೋರ್‌ಕೀಪರ್ ಆಗಿದ್ದವರು ಈಗ ಇಡೀ ಕೆಥೊಲಿಕ್ ಧರ್ಮಕ್ಕೆ ಸ್ಟೋರ್‌ಕೀಪರ್. ಪೂಜೆಯಲ್ಲಿ ಪಾದ್ರಿಗಳು ಒಂದು ಪದ ಬಿಟ್ಟರೆ ಮೊದಲ ಬೆಂಚಿನಿಂದ ಕೆಮ್ಮು ಕೇಳಿಸುತ್ತದೆ. ಆ ಕೆಮ್ಮಿಗೆ ನಮ್ಮ ಐರಿಶ್ ಪಾದ್ರಿಗಳು ಈಗ ಹೆದರುತ್ತಾರೆ.

ಎಲ್ರೊಯ್ ವಿಷಯ ನಿನಗೆ ಗೊತ್ತೇ ಇದೆ. ಮಸ್ಕತ್‌ನಲ್ಲಿ ನಾವು ಅಕ್ಕಪಕ್ಕ ಇದ್ದ ಆ ಕಟ್ಟಡದಲ್ಲಿ ನನ್ನ ಮೀನುಸಾರು ಬಿಟ್ಟು ನಿನ್ನ ಪುಳಿಯೋಗರೆ ತಿಂದು ಬೆಳೆದ ಹುಡುಗ, ಈಗ ಈ ದೇಶದ ಆ ತುದಿಯ ಫಾರೆಸ್ಟ್ ಲೇಕ್‌ನಲ್ಲಿ ನಿನ್ನ ಹಿಂದಿನ ಬೀದಿಯಲ್ಲೇ ಮನೆ ಮಾಡಿದ್ದಾನೆ. ಅವನು ನಮ್ಮ ಇಗರ್ಜಿ ಬಿಟ್ಟು ಆ ಬಿಲೀವರ್ಸ್ ಸಭೆಗೆ ಸೇರಿದ್ದನ್ನಾದರೂ ಕ್ಲಾರೆನ್ಸ್ ಹೇಗೋ ನುಂಗಿಕೊಂಡಿದ್ದರು. ಆದರೆ ಹೋದ ವರ್ಷ ಯಾರದೋ ಹಿತ್ತಲಿನ ಈಜುಕೊಳದಲ್ಲಿ ಮುಳುಗಿ ಅವನು ಎರಡನೇ ಸಲ ಜ್ಞಾನಸ್ನಾನ ತೆಗೆದುಕೊಂಡ. ಆಮೇಲೆ ಅಲ್ಲೇ ಬಾರ್ಬಿಯಂತೆ, ಕೆಂಡದ ಮೇಲೆ ಮಾಂಸ ಸುಟ್ಟು ಊಟ. ಒದ್ದೆ ಅಂಗಿಯಲ್ಲಿ ಕೈ ಮೇಲೆತ್ತಿ ನಿಂತ ಫೋಟೋ ಫೇಸ್‌ಬುಕ್‌ನಲ್ಲಿ ಬಂತು. “ಕೂಸಿನಲ್ಲಿ ನಾನು ಕೊಡಿಸಿದ್ದು ಸುಳ್ಳು ಅಂತ ಆಯ್ತಲ್ಲ?” ಎಂದವರು ಅಂದಿನಿಂದ ಮಗನ ಜೊತೆ ಮಾತು ಬಿಟ್ಟಿದ್ದಾರೆ. ಅವನ ಫೋನ್ ಬಂದರೆ ಮಾತ್ರ ಸ್ಪೀಕರ್ ಬೇಡ.

ಈಗ ನೋರಾ. ನನ್ನ ಮೊಮ್ಮಗಳಿಗೆ ಮೂರು ತಿಂಗಳು ತುಂಬಿತು, ಇನ್ನೂ ಜ್ಞಾನಸ್ನಾನ ಆಗಿಲ್ಲ. ಅವರ ಸಭೆಯಲ್ಲಿ ಕೂಸುಗಳಿಗೆ ಕೊಡುವುದಿಲ್ಲವಂತೆ. “ಅವಳು ದೊಡ್ಡವಳಾಗಿ ತಾನೇ ಡಿಸೈಡ್ ಮಾಡ್ಲಿ ಮಮ್ಮಿ” ಎನ್ನುತ್ತಾನೆ ಎಲ್ರೊಯ್. ಏನು ತಿನ್ನಬೇಕು, ಯಾವಾಗ ಮಲಗಬೇಕು ಎಂಬುದನ್ನೆಲ್ಲ ಇವನೇ ಡಿಸೈಡ್ ಮಾಡಬಹುದು, ಇದೊಂದಕ್ಕೆ ಮಾತ್ರ ಮಗುವಿನ ಒಪ್ಪಿಗೆ ಬೇಕು. ನನಗೆ ತಡೆಯಲಾಗುತ್ತಿಲ್ಲ ಸರಸೂ. ಒಲೆಯ ಮೇಲೆ ಹಾಲಿಟ್ಟು ಮನೆ ಬಿಟ್ಟು ಬಂದವಳ ಹಾಗೆ ಆಗಿದ್ದೇನೆ.

ಅಡಿಲೇಡ್‌ನಲ್ಲಿ ನನ್ನ ಮಗಳು ಕ್ಯಾರೋಲ್ ಈ ವರ್ಷ ಓದುತ್ತಿರುವುದು ಆದಿ ಸಭೆಯ ಇತಿಹಾಸ. ಪ್ರತಿ ಭಾನುವಾರ ಮಧ್ಯಾಹ್ನ ಫೋನ್‌ನಲ್ಲಿ ನನಗೆ ಪಾಠ. ನಾನು ಹುರಿಯುತ್ತಾ, ಕಡೆಯುತ್ತಾ ಕೇಳುತ್ತೇನೆ. ಯೇಸುಸ್ವಾಮಿ ಹೋಗಿ ಇನ್ನೂರು ಚಿಲ್ಲರೆ ವರ್ಷಕ್ಕೆ ದೊಡ್ಡ ಜಗಳ ಎದ್ದಿತಂತೆ. ಸಭೆಯಿಂದ ಒಡೆದು ಹೋದ ಪಂಗಡದವರ ಕೈಯಲ್ಲಿ ಜ್ಞಾನಸ್ನಾನ ಆದವರು ನಮ್ಮ ಕಡೆ ಬಂದರೆ ಏನು ಮಾಡಬೇಕು? ಆಫ್ರಿಕಾದ ಕಾರ್ಥೇಜಿನಲ್ಲಿ ಸಿಪ್ರಿಯನ್ ಎಂಬ ಬಿಷಪರು. ಅವರು, ಅದು ಸ್ನಾನವೇ ಅಲ್ಲ, ಬರೀ ಒದ್ದೆ, ಮೊದಲಿನಿಂದ ಮಾಡಿ ಎಂದರು. ರೋಮಿನಲ್ಲಿ ಸ್ಟೀಫನ್ ಎಂಬ ಬಿಷಪರು. ಅವರು, ನೀರು ಹಾಕಿದವನು ಯಾರಾದರೇನು, ಕೊಡುವವನು ದೇವರು, ಎರಡನೇ ಸಲ ಬೇಡ ಎಂದರು. ಇಬ್ಬರೂ ಪತ್ರದಲ್ಲೇ ಸಿಕ್ಕಾಪಟ್ಟೆ ಜಗಳವಾಡಿದರು. ಕೊನೆಗೆ ಗೆದ್ದದ್ದು ಸ್ಟೀಫನರ ಮಾತು. ಇವತ್ತಿಗೂ ನಮ್ಮಲ್ಲಿ ಅದೇ ನಡೆಯುವುದು.

ನಗಬೇಡ. ನಿಮ್ಮಲ್ಲೇನು ಕಡಿಮೆಯಿತ್ತೇ? ನೀನು ಸ್ಮಾರ್ತರ ಮನೆಯ ಹುಡುಗಿ, ಮಾಧ್ವರ ಮನೆಯ ಸೊಸೆ. ತವರಿನ ಏಕಾದಶಿ ಒಂದು ದಿನ, ಅತ್ತೆಯ ಏಕಾದಶಿ ಮರುದಿನ ಬಂದು, ಮದುವೆಯಾದ ಹೊಸತರಲ್ಲಿ ಯಾರಿಗೂ ಬೇಸರವಾಗಬಾರದೆಂದು ಎರಡೂ ದಿನ ಉಪವಾಸ ಮಾಡಿ ತಲೆ ಸುತ್ತಿ ಬಿದ್ದವಳು ನೀನೇ ಅಲ್ಲವೇ?

ಈಗ ಉಪಕಾರ. ಸ್ಟೀಫನರು ಗೆದ್ದ ಮೇಲೆ ಆ ಮಾತು ಬೆಳೆಯುತ್ತಾ ಹೋಗಿ, ತುರ್ತಿನಲ್ಲಿ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು, ಕ್ರೈಸ್ತರೇ ಆಗಬೇಕೆಂದಿಲ್ಲ ಎಂದಾಯಿತು. ನರ್ಸಿಂಗ್ ಓದುವಾಗ ಸಿಸ್ಟರ್‌ಗಳು ನಮಗೂ ಕಲಿಸಿದ್ದರು. ಸೊಸೆ ಲವೀನಾ ಕೆಲಸಕ್ಕೆ ಹೋಗುವ ದಿನ ನೋರಾಳಿಗೆ ಸ್ನಾನ ಮಾಡಿಸುವವಳು ನೀನು. ತಲೆಗೆ ಮೂರು ಸಲ ನೀರು ಹಾಕುತ್ತಾ, “ಪಿತನ, ಸುತನ ಮತ್ತು ಪವಿತ್ರಾತ್ಮರ ನಾಮದಲ್ಲಿ ನಿನಗೆ ಜ್ಞಾನಸ್ನಾನ ಕೊಡುತ್ತೇನೆ” ಎಂದುಬಿಡು. ಅಷ್ಟೇ. ಯಾರಿಗೂ ಹೇಳಬೇಕಾಗಿಲ್ಲ. ಕನ್ನಡದಲ್ಲಿ ಹೇಳಿದರೂ ದೇವರಿಗೆ ತಿಳಿಯುತ್ತದೆ.

ರಮಾಕಾಂತರಿಗೆ ನನ್ನ ನಮಸ್ಕಾರ.

ನಿನ್ನ
ಐಡಾ


ಥಾರ್ನ್ಲಿ, ಪರ್ತ್
20 ಆಗಸ್ಟ್ 2013

ಪ್ರೀತಿಯ ಸರಸ್ವತಿ,

ಈ ಸಲ ತಡ ಮಾಡಿಲ್ಲ, ನೋಡು. ನಿನ್ನ ಪತ್ರ ಬಂದು ನಾಲ್ಕೇ ದಿನವಾಯಿತು.

ಮೊದಲು ಆ ಫೋನಿನ ಕಥೆ ಹೇಳಿಬಿಡುತ್ತೇನೆ. ಸ್ಪೀಕರ್ ಹಾಕಿದೆ ಎಂದು ತಿಳಿದೊಡನೆ ನೀನು ಜ್ಞಾನಸ್ನಾನದ ಮಾತನ್ನು ಮರೆಸಿ “ಐಡಾ, ಆ ಅಡುಗೆ ನನ್ ಕೈಲಾಗಲ್ಲ ಕಣೆ” ಅಂದೆಯಲ್ಲ, ಕ್ಲಾರೆನ್ಸ್ ಅವತ್ತಿನಿಂದ ಹಿಂದೆ ಬಿದ್ದಿದ್ದಾರೆ. “ಸರಸ್ವತಿಗೆ ಆಗದ ಅಡುಗೆ ಯಾವುದು ಉಂಟು? ಎಂತ, ನೀನು ಅವಳಿಗೆ ಮೀನು ಮಾಡ್ಲಿಕ್ಕೆ ಹೇಳಿದ್ಯಾ?” ಹೌದು ಎಂದೆ. ಬ್ರಾಹ್ಮಣರ ಮನೆಯವಳಿಗೆ ಮೀನು ಕಾಯಿಸಲು ಹೇಳಿದ ಪಾಪ ಈಗ ನನ್ನ ತಲೆಯ ಮೇಲಿದೆ.

ನಿನ್ನ ಪತ್ರ ಓದಿ ನನಗೆ ಸಿಟ್ಟು ಬಂದದ್ದು ನಿಜ. ‘ಲವೀನಾ ಮಗೂನ ನನ್ ಕೈಗೆ ಕೊಟ್ಟು ಹೋಗುವಾಗ ಹಿಂದೆ ತಿರುಗಿ ಕೂಡ ನೋಡಲ್ಲ ಕಣೆ. ಅಂಥವಳ ಬೆನ್ನ ಹಿಂದೆ ನಾನು ಏನೂ ಮಾಡಲ್ಲ. ಅವರಿಬ್ಬರೂ ಹೂಂ ಅನ್ನಲಿ, ಕೊಡಗಟ್ಟಲೆ ಹಾಕ್ತೀನಿ’ ಎಂದು ಬರೆದಿದ್ದೀ. ಅದನ್ನು ಓದಿ ಪತ್ರವನ್ನು ಡ್ರಾಯರಿಗೆ ಎಸೆದು, ಥಾರ್ನ್ಲಿಯ ಶಾಪಿಂಗ್ ಸೆಂಟರಿಗೆ ಹೋಗಿ, ಬೇಡದ ಎರಡು ಟವೆಲ್ ತೆಗೆದುಕೊಂಡು ಬಂದೆ. ಆಮೇಲೆ ಕ್ಯಾರೋಲಳಿಗೆ ಫೋನ್ ಮಾಡಿ ನಿನ್ನ ಮೇಲೆ ದೂರು ಹೇಳಿದರೆ ಆ ಹುಡುಗಿ ನನ್ನ ಮೇಲೇ ಹಾರಿಬಿದ್ದಳು. “ಮಮ್ಮಿ! ಸರಸ್ವತಿ ಆಂಟಿ ಈಸ್ ರೈಟ್! ಮಗು ಹುಷಾರಾಗಿರುವಾಗ, ಪೇರೆಂಟ್ಸನ್ನ ಕೇಳದೆ ಹಾಗೆ ಮಾಡೋದು ತಪ್ಪು. ಗೆದ್ದವರ ರೂಲ್ ಪ್ರಕಾರವೇ ತಪ್ಪು!” ಎಂದಳು. ಮಗಳನ್ನು ಓದಿಸಿದ್ದಕ್ಕೆ ಸಿಕ್ಕಿದ ಬಹುಮಾನ ಇದು.

ಸಿಟ್ಟು ಇಳಿದ ಮೇಲೆ ಪತ್ರದ ಉಳಿದ ಭಾಗ ಓದಿದೆ. ಕದ್ದು ಮಾಡುವ ಬದಲು ಎಲ್ಲರನ್ನೂ ಹಬ್ಬಕ್ಕೆ ಕರೆ ಎಂದಿದ್ದೀಯಲ್ಲ, ಆ ಮಾತು ಮನಸ್ಸಿಗೆ ಹಿಡಿಯಿತು. ಸೆಪ್ಟೆಂಬರ್ ಎಂಟಕ್ಕೆ ನಮ್ಮ ಮೊಂತಿ ಹಬ್ಬ, ಮೇರಿ ಮಾತೆ ಹುಟ್ಟಿದ ದಿನ. ಇಗರ್ಜಿಯಲ್ಲಿ ಆಶೀರ್ವಾದ ಮಾಡಿದ ಹೊಸ ತೆನೆಯ ಕಾಳನ್ನು ಅರೆದು ತೆಂಗಿನ ಹಾಲಿಗೆ ಹಾಕಿ, ಮನೆಯ ಯಜಮಾನ ತನ್ನ ಕೈಯಾರೆ ಒಬ್ಬೊಬ್ಬರಿಗೆ ಕೊಡುತ್ತಾನೆ. ಅದು ಆದ ಮೇಲೆಯೇ ಊಟ. ಅವತ್ತು ಮೀನು, ಮಾಂಸ ಇಲ್ಲ, ಆದ್ದರಿಂದ ನೀನೂ ಧಾರಾಳವಾಗಿ ಬರಬಹುದಿತ್ತು. ದೂರದಲ್ಲಿರುವ ಮಕ್ಕಳಿಗೆ ನಮ್ಮ ಅಮ್ಮಂದಿರು ಎರಡು ಕಾಳನ್ನು ಲಕೋಟೆಯಲ್ಲಿಟ್ಟು ಕಳಿಸುತ್ತಿದ್ದರು. ತೆನೆ ಸಿಕ್ಕಿದವನು ಮನೆಯವನು, ಸಿಗದವನು ಹೊರಗಿನವನು ಎಂದು ಲೆಕ್ಕ.

ಕ್ಲಾರೆನ್ಸರಿಗೆ ಹೇಳಿದೆ. ಪೇಪರ್ ಮಡಚಿಟ್ಟರು. “ಬರ್ಲಿ. ಮಗು ನೋಡ್ಬೇಕು ನನಗೂ. ಆದ್ರೆ ಅವ ಮೊದಲು ಪಾದ್ರಿಯವರ ಹತ್ರ ಹೋಗಿ, ಆ ಪೂಲಿನ ನೀರನ್ನೆಲ್ಲ ತೊಳ್ಕೊಂಡು, ಮೊದಲಿಂದ ಎಲ್ಲ ಮಾಡಿಸ್ಕೊಳ್ಬೇಕು. ಅಲ್ಲಿವರೆಗೆ ಅವನಿಗೆ ತೆನೆ ಇಲ್ಲ” ಎಂದರು. ಅವರು ಇಲ್ಲ ಎಂದರೆ ಇಲ್ಲ, ನಿನಗೆ ಗೊತ್ತು.

ನಾನು ಆ ಷರತ್ತನ್ನು ಎಲ್ರೊಯ್‌ಗೆ ಹೇಳಿಲ್ಲ. ಬಾ ಎಂದಷ್ಟೇ ಕರೆದೆ. ಅವನು ಟಿಕೆಟ್ ತೆಗೆದುಬಿಟ್ಟಿದ್ದಾನೆ, ಅಡಿಲೇಡ್‌ನಿಂದ ಕ್ಯಾರೋಲಳೂ ಬರುತ್ತಾಳೆ. ಎಲ್ಲರ ಎದುರು ಅವನ ಎಲೆ ದಾಟಿ ತೆನೆ ಮುಂದಕ್ಕೆ ಹೋದರೆ ನನ್ನ ಮಗ ಇನ್ನು ಈ ಮನೆಯ ಮೆಟ್ಟಿಲು ಹತ್ತುವುದಿಲ್ಲ. ಅವನು ಬರದಿದ್ದರೆ ನೋರಾಳ ಜ್ಞಾನಸ್ನಾನದ ಮಾತು ಎಲ್ಲಿಂದ ಎತ್ತಲಿ? ನಿನ್ನ ದೇವರುಗಳಿಗೆಲ್ಲ ಒಂದು ಮಾತು ಹಾಕಿಡು, ಯಾವ ಏಕಾದಶಿಯಾದರೂ ಸರಿ.

ನಿನ್ನ
ಐಡಾ


ಥಾರ್ನ್ಲಿ, ಪರ್ತ್
11 ಸೆಪ್ಟೆಂಬರ್ 2013

ನನ್ನ ಸರಸೂ,

ಹಬ್ಬ ಮುಗಿಯಿತು, ಎಲ್ಲರೂ ಹೊರಟುಹೋದರು. ಫ್ರಿಜ್ ತುಂಬ ಅಲಸಂಡೆ ಪಲ್ಯ, ಮನೆ ತುಂಬ ಮೌನ. ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ, ಎದ್ದು ಹೋಗಬೇಡ.

ಕ್ಯಾರೋಲ್ ಅಡಿಲೇಡ್‌ನಿಂದ ಅಪ್ಪನಿಗೆಂದು ಒಂದು ದೊಡ್ಡ ಬಾಟಲಿ ಜೇನು ತಂದಿದ್ದಳು. ಪರ್ತ್ ಏರ್‌ಪೋರ್ಟಿನಲ್ಲಿ ಕ್ವಾರಂಟೈನಿನವರು ಅದನ್ನು ಕಸದ ಡಬ್ಬಿಗೆ ಹಾಕಿಸಿದರು. ಬೇರೆ ರಾಜ್ಯದ ಜೇನು ಈ ರಾಜ್ಯದೊಳಗೆ ಬರಬಾರದಂತೆ. ಬೇರೆ ಸಭೆಯ ಮಗ ಮಾತ್ರ ಸಲೀಸಾಗಿ ಬಂದುಬಿಟ್ಟ. ಇಲ್ಲಿ ಭತ್ತದ ತೆನೆ ಸಿಗುವುದಿಲ್ಲ. ನಮ್ಮ ಅಸೋಸಿಯೇಷನ್ನಿನವರು ಒಬ್ಬ ರೈತನನ್ನು ಕೇಳಿ ಹಸಿ ಗೋಧಿಯ ತೆನೆ ತರಿಸಿದ್ದರು. ಇದು ಕ್ರಮವೇ ಅಲ್ಲ ಎಂದು ಕ್ಲಾರೆನ್ಸ್ ಮುಖ ಗಂಟಿಕ್ಕಿದರು. ಆದರೂ ಮನೆಗೆ ತರುವಾಗ ಎರಡೂ ಕೈಯಲ್ಲಿ ಹಿಡಿದುಕೊಂಡೇ ಬಂದರು.

ಎಲ್ರೊಯ್ ಒಳಗೆ ಬಂದಾಗ ಅಪ್ಪ ಮಗ ಇಬ್ಬರೂ ನೋರಾಳನ್ನೇ ನೋಡುತ್ತಾ ಮಾತಾಡಿದರು. “ನಿದ್ದೆ ಮಾಡ್ತದಾ?” “ಮಾಡ್ತಾಳೆ.” ಒಂದು ವರ್ಷದ ಮೇಲೆ ಅಷ್ಟು ಮಾತು. ನನಗೆ ಅದೇ ಹಬ್ಬವಾಯಿತು.

ಭಾನುವಾರ ಮಧ್ಯಾಹ್ನ ಹಿತ್ತಲಿನ ಬಾಳೆ ಎಲೆ ಹಾಕಿ ಎಲ್ಲರೂ ಕುಳಿತೆವು. ಕ್ಲಾರೆನ್ಸ್ ಪ್ರಾರ್ಥನೆ ಮುಗಿಸಿ ತೆನೆಯ ಬಟ್ಟಲು ಕೈಗೆತ್ತಿಕೊಂಡರು. ನನಗೆ ಕೊಟ್ಟರು, ಕ್ಯಾರೋಲಳಿಗೆ ಕೊಟ್ಟರು. ಲವೀನಾಳಿಗೂ ಕೊಟ್ಟರು, ಅವಳು ಆ ಈಜುಕೊಳಕ್ಕೆ ಇಳಿದವಳಲ್ಲವಲ್ಲ. ಎಲ್ರೊಯ್ ಕೈ ಚಾಚಿದ. ಬಟ್ಟಲು ಅಲ್ಲೇ ನಿಂತಿತು.

“ನೀನು ಮೊದಲು ಪಾದ್ರಿಯವರ ಹತ್ರ ಹೋಗಿ ಹೊಸದಾಗಿ ಜ್ಞಾನಸ್ನಾನ ತೆಕ್ಕೊಂಡು ಬಾ. ಆಮೇಲೆ ಇದು” ಎಂದರು.

ಎಲ್ರೊಯ್‌ನ ಮುಖ ಕೆಂಪಾಯಿತು. ಅವನು ಎದ್ದೇಬಿಟ್ಟ ಎಂದುಕೊಂಡೆ. ಅಷ್ಟರಲ್ಲಿ ಕ್ಯಾರೋಲ್ ಜೋರಾಗಿ ನಕ್ಕುಬಿಟ್ಟಳು. ಆ ಹೊತ್ತಿನಲ್ಲಿ ನಗುವ ಹುಡುಗಿಯನ್ನು ಏನು ಮಾಡಲಿ ಹೇಳು.

“ಪಪ್ಪಾ, ಯು ಆರ್ ಅ ಡೊನಾಟಿಸ್ಟ್!” ಎಂದಳು.

“ಎಂತದು ಅದು?”

“ಪಾಷಂಡಿ ಪಪ್ಪಾ! ಸಾವಿರದ ಆರುನೂರು ವರ್ಷದ ಹಿಂದೆಯೇ ಸೋತ ಪಾರ್ಟಿ!”

ಸರಸೂ, ಕ್ಲಾರೆನ್ಸರನ್ನು ಜೀವಮಾನದಲ್ಲಿ ಯಾರೂ ಪಾಷಂಡಿ ಎಂದಿರಲಿಲ್ಲ. ಬಟ್ಟಲು ಕೆಳಗಿಟ್ಟರು. ಕ್ಯಾರೋಲ್ ಬಿಡಿಸಿ ಹೇಳಿದಳು. ಸಿಪ್ರಿಯನರು ಸತ್ತು ಐವತ್ತು ವರ್ಷಕ್ಕೆ ರೋಮಿನ ಚಕ್ರವರ್ತಿ ಕ್ರೈಸ್ತರ ಮೇಲೆ ಬಿದ್ದನಂತೆ. ಸೈನಿಕರಿಗೆ ಹೆದರಿ ಕೆಲವು ಬಿಷಪರು ಪವಿತ್ರ ಗ್ರಂಥಗಳನ್ನೇ ತೆಗೆದು ಕೊಟ್ಟುಬಿಟ್ಟರು. ಕಷ್ಟ ಕಳೆದ ಮೇಲೆ, ಹೀಗೆ ಹೆದರಿದವರ ಕೈ ಮೈಲಿಗೆ, ಅವರು ಕೊಟ್ಟ ಸಂಸ್ಕಾರ ಯಾವುದೂ ನಡೆಯದು, ಎಲ್ಲ ಮೊದಲಿನಿಂದ ಆಗಬೇಕು ಎಂದು ಹಟ ಹಿಡಿದವರೇ ಡೊನಾಟಿಸ್ಟರು. ಇನ್ನೊಂದು ಕಡೆಯವರು, ಒಮ್ಮೆ ಆದದ್ದು ಆಯಿತು, ಕೊಟ್ಟವನು ಕೆಟ್ಟರೂ ಪಡೆದವನು ಓಡಿಹೋದರೂ ಅದು ಅಳಿಸುವುದಿಲ್ಲ, ತಿರುಗಿ ಬಂದವನನ್ನು ಒಳಗೆ ಕರೆಯಿರಿ ಎಂದರು. ನೂರು ವರ್ಷ ಜಗಳ ನಡೆದು ಕೊನೆಗೆ ಗೆದ್ದದ್ದು ಆ ಮೆತ್ತಗಿನವರು.

“ಮೆತ್ತಗೆ ಮಾತಾಡಿಯೇ ಗೆದ್ದರಾ?” ಎಂದು ಕೇಳಿದ ಎಲ್ರೊಯ್.

“ಇಲ್ಲ, ಕೊನೆಗೆ ಸರ್ಕಾರದ ಕೋಲೂ ಅವರ ಹಿಂದೆ ಇತ್ತು. ದಟ್ಸ್ ದ ಸ್ಯಾಡ್ ಪಾರ್ಟ್” ಎಂದು ಒಪ್ಪಿಕೊಂಡಳು. ಎಲ್ರೊಯ್ ಆಗಲೇ ಗೆದ್ದವನ ಹಾಗೆ ಅಪ್ಪನ ಕಡೆ ನೋಡುತ್ತಿದ್ದ. ಕ್ಯಾರೋಲ್ ಅವನ ಕಡೆ ತಿರುಗಿದಳು. “ನೀನೇನ್ ನಗ್ತೀಯ ಬ್ರೋ? ಮೊದಲನೇದು ಲೆಕ್ಕಕ್ಕಿಲ್ಲ, ಇನ್ನೊಂದ್ ಸಲ ಮುಳುಗ್ತೀನಿ ಅಂದವನು ನೀನು. ನೀನೂ ಅದೇ ಪಾರ್ಟಿ. ನೀವಿಬ್ಬರೂ ಒಂದೇ ಕಡೆಯವರು, ಒಂದು ವರ್ಷದಿಂದ ಸುಮ್ಮನೆ ಜಗಳ ಆಡ್ತಾ ಇದ್ದೀರ!”

ಆಮೇಲೆ ಏನಾಯಿತು ಎಂದುಕೊಂಡೆ? ಅಪ್ಪ ಮಗ ಇಬ್ಬರೂ ಸೇರಿ ಕ್ಯಾರೋಲಳ ಮೇಲೆ ಬಿದ್ದರು! ಸಿಪ್ರಿಯನರು ಹೇಳಿದ್ದರಲ್ಲಿ ತಪ್ಪೇನಿದೆ ಎಂದು ಎಲ್ರೊಯ್ ಕೇಳಿದರೆ, “ಹೌದು, ಅವರು ತಲೆ ಕೊಟ್ಟ ಸಂತರು, ಸೆಪ್ಟೆಂಬರ್ ಹದಿನಾರಕ್ಕೆ ಅವರ ಹಬ್ಬ ಉಂಟು” ಎಂದು ಕ್ಲಾರೆನ್ಸ್ ದನಿಗೂಡಿಸಿದರು. ಹುಡುಗಿ ಹೆದರಲಿಲ್ಲ. ವಾದದಲ್ಲಿ ಸೋತರೂ ಅವರು ಸಂತರೇ, ಸಭೆ ಅವರನ್ನು ಹೊರಗೆ ಹಾಕಲಿಲ್ಲ, ಅದನ್ನೇ ನಾನು ಹೇಳುತ್ತಿರುವುದು ಎಂದಳು. ಅನ್ನ ಆರಿತು, ಪಾಯಸಕ್ಕೆ ಕೆನೆ ಕಟ್ಟಿತು, ನೋರಾ ಎದ್ದು ಅತ್ತಳು. ಲವೀನಾ ನನ್ನ ಕಿವಿಯಲ್ಲಿ, “ಮಾಮಿ, ಇವರ ಜಗಳ ಹೀಗೇ ನಡೀಲಿ, ನಿಲ್ಲಿಸ್ಬೇಡಿ” ಎಂದಳು.

ಕೊನೆಗೆ ಕ್ಲಾರೆನ್ಸ್ ಬಟ್ಟಲು ಮತ್ತೆ ತೆಗೆದುಕೊಂಡು ಎಲ್ರೊಯ್‌ನ ಕೈಗೆ ತೆನೆ ಹಾಕಿದರು. “ಅಳಿಸುದಿಲ್ಲ ಅಂತಾದ್ರೆ ನೀನು ಹೋದದ್ದೇ ಇಲ್ಲ ಅಂತಾಯ್ತು. ತಿನ್ನು” ಎಂದರು. ಅವನು ತಿಂದ. ನಾನು ಸಾರು ಬಿಸಿ ಮಾಡುವ ನೆಪದಲ್ಲಿ ಒಳಗೆ ಹೋಗಿ ಒಲೆಯ ಮುಂದೆ ಚೆನ್ನಾಗಿ ಅತ್ತೆ. ಸುಖದಲ್ಲೇ ಅತ್ತದ್ದು.

ನೋರಾಳ ಜ್ಞಾನಸ್ನಾನ ಆಗಲಿಲ್ಲ. ಎಲ್ರೊಯ್ ತನ್ನ ಮಾತು ಬಿಟ್ಟಿಲ್ಲ, ಮಗು ದೊಡ್ಡವಳಾಗಿ ಆರಿಸಿಕೊಳ್ಳಲಿ ಎನ್ನುತ್ತಾನೆ. ಆದರೆ ಒಂದಾಯಿತು. ಸೋಮವಾರ ಅವರು ಹೊರಡುವ ಮೊದಲು ಕ್ಲಾರೆನ್ಸ್ ತಾವಾಗಿಯೇ ಮಗನ ಹತ್ತಿರ ಹೋಗಿ, “ನಿನ್ನ ಇಷ್ಟ. ನಾನು ಒತ್ತಾಯ ಮಾಡುದಿಲ್ಲ. ಒಂದೇ ಮಾತು. ಮಗುಗೆ ಯಾವತ್ತಾದ್ರೂ ತುಂಬ ಹುಷಾರಿಲ್ಲ ಅಂತಾದ್ರೆ, ಟೈಮ್ ಇಲ್ಲ ಅಂತಾದ್ರೆ, ಪಾದ್ರಿ, ಪಾಸ್ಟರ್ ಅಂತ ಯಾರನ್ನೂ ಹುಡುಕ್ಲಿಕ್ಕೆ ಹೋಗ್ಬೇಡ. ಹತ್ರ ಯಾರಿದ್ದಾರೋ ಅವ್ರೇ ನೀರು ಹಾಕ್ಲಿ. ಸರಸ್ವತಿ ಇದ್ರೆ ಸರಸ್ವತಿ ಹಾಕ್ಲಿ. ಅಷ್ಟಕ್ಕೆ ಹೂಂ ಅನ್ನು” ಎಂದರು. ಎಲ್ರೊಯ್ ಲವೀನಾಳ ಮುಖ ನೋಡಿದ. ಅವಳು ತಲೆಯಾಡಿಸಿದಳು. “ಓಕೆ ಪಪ್ಪಾ. ಪ್ರಾಮಿಸ್” ಎಂದ.

ಹಾಗಾಗಿ ಸರಸೂ, ನೀನು ಕೇಳಿದ ಹೂಂ ನಿನಗೆ ಸಿಕ್ಕಿದೆ. ಅಂಥ ದಿನ ಬಾರದಿರಲಿ. ನೀನು ಎಣ್ಣೆ ಹಚ್ಚು, ಸೋಪು ಹಾಕು, ಮಗುವನ್ನು ನಗಿಸು. ನನಗೆ ಇಷ್ಟು ಸಾಕು.

ಅಂದು ನನ್ನ ಮಾತಿಗೆ ಕಟ್ಟುಬಿದ್ದು ಹೂಂ ಎನ್ನದೆ ಇದ್ದುದಕ್ಕೆ ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ರಮಾಕಾಂತರ ಬಿಪಿ ಎಷ್ಟೆಂದು ಬರೆ. ಇಲ್ಲದಿದ್ದರೆ ಕ್ಲಾರೆನ್ಸ್ ಫೋನ್ ಮಾಡುತ್ತಾರೆ.

ನಿನ್ನ
ಐಡಾ

ಮರೆತ ಮಾತು: ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ಕೂತಿದ್ದೆ. ಇಷ್ಟು ಸಾಕು ಎಂದದ್ದು ಯಾಕೆಂದು ನೀನು ಕೇಳಿಯೇ ಕೇಳುತ್ತೀ. ಎಲ್ರೊಯ್‌ಗಿಂತ ಮೊದಲು ನನಗೊಂದು ಮಗುವಾಗಿತ್ತು. ಕುಂದಾಪುರದ ಆಸ್ಪತ್ರೆಯಲ್ಲಿ, ದಿನ ತುಂಬುವ ಮೊದಲೇ ಹುಟ್ಟಿತು. ಉಳಿಯುವುದಿಲ್ಲ ಎಂದು ಗೊತ್ತಾದಾಗ ನನಗೆ ಕೈ ಎತ್ತುವ ಶಕ್ತಿ ಇರಲಿಲ್ಲ. ಡ್ಯೂಟಿಯಲ್ಲಿದ್ದ ನರ್ಸ್ ಕಮಲಾಳಿಗೆ, ನೀನೇ ನೀರು ಹಾಕು ಎಂದೆ. ಅವಳು ಲೋಟ ತೆಗೆದುಕೊಂಡಿದ್ದಳು. ಕ್ಲಾರೆನ್ಸ್ ಅವಳ ಕೈ ಹಿಡಿದು, ನೀವು ಕ್ರೈಸ್ತರಲ್ಲ, ನಿಮ್ಮ ಕೈಯ ನೀರು ನಡೆಯುವುದಿಲ್ಲ, ಪಾದ್ರಿಯವರನ್ನು ಕರೆತರುತ್ತೇನೆ ಎಂದು ಓಡಿದರು. ತಂದೆಯೇ ಬೇಡ ಎಂದ ಮೇಲೆ ಅವಳು ಏನು ಮಾಡಿಯಾಳು? ಪಾದ್ರಿಯವರು ಬರುವಷ್ಟರಲ್ಲಿ ಮಗು ಹೋಗಿತ್ತು. ಜ್ಞಾನಸ್ನಾನ ಆಗದ ಮಗುವೆಂದು ಸಿಮಿತ್ರಿಯ, ನಮ್ಮ ಇಗರ್ಜಿಯ ಸ್ಮಶಾನದ, ಗೋಡೆಯ ಹೊರಗೆ ಮಣ್ಣು ಮಾಡಿದರು. ನಾವಿಬ್ಬರೂ ಆ ಮಾತನ್ನು ಮತ್ತೆ ಒಮ್ಮೆಯೂ ಆಡಿರಲಿಲ್ಲ, ಮಸ್ಕತ್‌ನಲ್ಲಿ ಗೋಡೆಗೆ ಗೋಡೆ ತಾಗಿ ಬದುಕಿದ ನಿನಗೂ ಹೇಳಿರಲಿಲ್ಲ. ನಿನ್ನೆ ಬೆಳಿಗ್ಗೆ ಬಟ್ಟೆ ಒಣಹಾಕುತ್ತಿದ್ದೆ. ಕ್ಲಾರೆನ್ಸ್ ಬಂದು ಕ್ಲಿಪ್ಪಿನ ಬುಟ್ಟಿ ಹಿಡಿದು ನಿಂತರು. “ಕಮಲಾನ ಕೈಯೇ ಸಾಕಿತ್ತಂತೆ ಐಡಾ. ಕ್ಯಾರೋಲ್ ಹತ್ರ ಎರಡೆರಡು ಸಲ ಕೇಳಿದೆ. ಯಾರ ಕೈಯಾದ್ರೂ ಸಾಕಿತ್ತಂತೆ” ಎಂದರು. ನಾನು ಬುಟ್ಟಿಯನ್ನು ಅವರಿಂದ ತೆಗೆದು ಕೆಳಗಿಟ್ಟು ಅವರ ಕೈ ಹಿಡಿದುಕೊಂಡೆ. ಹೆಣ್ಣು ಮಗು ಸರಸೂ. ಹಣೆ ಥೇಟ್ ನಮ್ಮ ನೋರಾಳದೇ.